ಹನ್ನೆರಡೂಕಾಲಕ್ಕೆ ಬಿಸಿಲಲ್ಲಿ ಚಹಾ

ಟೂರಿಸ್ಟ್ ಕ್ಲಬ್ ಏರಿಯಾ, ಅಬುಧಾಬಿ
10 ಡಿಸೆಂಬರ್ 2024, ಮಂಗಳವಾರ

ಲಿಡ್ವಿನ್‌ಗೆ ಖಮರುದ್ದೀನನ ಸಲಾಂ.

ಇಲ್ಲಿ ಎಲ್ಲರೂ ಹುಷಾರಾಗಿದ್ದಾರೆ, ನನ್ನ ನಿದ್ದೆಯೊಂದನ್ನು ಬಿಟ್ಟು. ಫೋನು ಇರುವಾಗ ಕಾಗದವೇಕೆ ಎಂದು ನೀನು ನಗುತ್ತೀಯೆಂದು ಗೊತ್ತು. ಫೋನಿನಲ್ಲಿ ನೀನು ಮಾತಿಗೆ ಮುಂಚೆ ನಗುತ್ತೀಯ, ನನಗೆ ಕೇಳಬೇಕಾದದ್ದು ಮರೆತುಹೋಗುತ್ತದೆ. ವಾಟ್ಸಾಪಿನಲ್ಲಿ ಬರೆದರೆ ಮಗಳು ಸಲ್ವಾ ಅದನ್ನು ಕ್ಷಣದಲ್ಲಿ ಇಂಗ್ಲಿಷ್ ಮಾಡಿಕೊಂಡು ಓದುತ್ತಾಳೆ. ಕಾಗದದ ಮೇಲಿನ ನಮ್ಮ ಕಾಗೆಕಾಲು ಗುಬ್ಬಿಕಾಲು ಕನ್ನಡ ಮಾತ್ರ ಅವಳಿಗೆ ಓದಲು ಬಾರದು. ಹೇಗೂ ಮಂಗಳವಾರ, ಶನಿವಾರ ನಮ್ಮ ಅಂಗಡಿಯ ವ್ಯಾನು ಯೂನಿಫಾರ್ಮ್ ಗಂಟು ತರಲು ನಿಮ್ಮ ಸತ್ವಾದ ಟೈಲರ್‌ಗಳ ಹತ್ತಿರ ಬರುತ್ತದೆ. ಡ್ರೈವರ್ ಲಿಯೋ ಕಾಗದ ತಂದು ಕೊಡುತ್ತಾನೆ, ಉತ್ತರ ಅವನ ಕೈಯಲ್ಲೇ ಕಳಿಸು.

ವಿಷಯಕ್ಕೆ ಬರುತ್ತೇನೆ. ಸಲ್ವಾ ಜಾರ್ಜಿಯಾಕ್ಕೆ ಹೊರಟಿದ್ದಾಳೆ. ರಂಜಾನ್‌ಗೆ ಮೊದಲು, ಫೆಬ್ರವರಿ ಕೊನೆಗೆ. ಜೊತೆಗೆ ಅವಳ ಆಫೀಸಿನ ಹುಮೈರ ಮತ್ತು ಆಶ್ಲೆ. ಜಾರ್ಜಿಯಾ ಎಂದರೆ ನನಗೇನೂ ಹೆದರಿಕೆಯಿಲ್ಲ, ಇಲ್ಲಿನ ಅರ್ಧ ಜನ ಈದ್ ರಜೆಯಲ್ಲಿ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ಮೂರೂವರೆ ಗಂಟೆಯ ವಿಮಾನ, ಕಾರಿನಲ್ಲಿ ಒಮಾನಿನ ಸಲಾಲಾಗೆ ಹೋಗುವುದಕ್ಕಿಂತ ಹತ್ತಿರ. ಆದರೆ ಇವರು ಹೋಗುವುದು ತಂತಿಗೆ ತೂಗುವ ಕುರ್ಚಿಯಲ್ಲಿ ಕೂತು ಮೇಲೇರಿ ಜಾರುವ ಜಾಗಕ್ಕಲ್ಲ. ಕಾಲಿಗೆ ಸ್ಕೀ ಕಟ್ಟಿಕೊಂಡು, ಯಾರೂ ಇಲ್ಲದ ಗುಡ್ಡವನ್ನು ನಡೆದೇ ಹತ್ತುವುದಂತೆ, ಆಮೇಲೆ ಜಾರಿಕೊಂಡು ಇಳಿಯುವುದಂತೆ. "ಬಿಗಿನರ್ಸ್‌ಗೇ ಇರೋದು ಅಬ್ಬಾ, ಈಸಿ," ಎನ್ನುತ್ತಾಳೆ.

ನಾನು ಒಪ್ಪುತ್ತಿರಲಿಲ್ಲ. "ಲಿಡ್ವಿನ್ ಅಂಕಲ್ ಬರ್ತಾರೆ," ಎಂದಳು. ಆ ಒಂದು ಮಾತಿಗೆ ಹೂಂ ಎಂದುಬಿಟ್ಟೆ. ಸಫಿಯ್ಯ ಅಡುಗೆಮನೆಯಿಂದ ಬಂದು, "ಹೂಂ ಅಂದ್ರಾ? ನಮಗೆ ಇರುವವಳು ಒಬ್ಬಳೇ ಮಗಳು, ನೆನಪಿರ್ಲಿ," ಎಂದವಳು ಎರಡು ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ.

ನೀನು ದುಬೈಯ ಮಾಲೊಂದರ ಆ ಕೃತಕ ಹಿಮದ ಹಾಲ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೀಯ. ಸಲ್ವಾಗೆ ಸ್ಕೀ ಕಲಿಸಿದವನೂ ನೀನೇ. ಆದ್ದರಿಂದ ಕೇಳುತ್ತೇನೆ. ಇಂಥ ನಿಜವಾದ ಗುಡ್ಡ ಎಷ್ಟು ಹತ್ತಿದ್ದೀಯ? ನೇರ ಉತ್ತರ ಕೊಡು.

ನಿನ್ನ
ಖಮರ್


ಸತ್ವಾ, ದುಬೈ
14 ಡಿಸೆಂಬರ್ 2024, ಶನಿವಾರ

ಪ್ರೀತಿಯ ಖಮರ್ ಸಾಹೇಬರಿಗೆ,

ಲಿಯೋ ಕಾಗದ ಕೊಡುವಾಗ, "ಎಂತ ಮಾರಾಯ್ರೆ, ಈ ಕಾಲದಲ್ಲೂ ಕಾಗದ ಬರಿತ್ರಾ ನೀವು? ಯಾರಿಗಾದ್ರೂ ಮದುವೆ ಮಾತುಕತೆಯಾ?" ಎಂದು ಕೇಳಿದ. ಹೌದು, ನನಗೇ ಎಂದೆ. ಭಟ್ಕಳದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತಾಗ ನಿನ್ನ ನವಾಯತಿ ನನಗೆ ಅರ್ಧ ಅರ್ಥ, ನನ್ನ ಕೊಂಕಣಿ ನಿನಗೆ ಅರ್ಧ ಅರ್ಥ. ಉಳಿದ ಅರ್ಧಕ್ಕೆ ಜಗಳ. ಕನ್ನಡದಲ್ಲಿ ಮಾತಾಡಿದ ದಿನ ಮಾತ್ರ ಜಗಳ ಆಗುತ್ತಿರಲಿಲ್ಲ. ಕಾಗದ ಕನ್ನಡದಲ್ಲೇ ಇರಲಿ.

ಸಲ್ವಾ ವಿಷಯದಲ್ಲಿ ಹೆದರಬೇಡ. ಹದಿನಾಲ್ಕು ವರ್ಷ ಮೈನಸ್ ಎರಡು ಡಿಗ್ರಿಯಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತವನು ನಾನು. ಹೊರಗೆ ನಲವತ್ತೆಂಟು ಡಿಗ್ರಿ ಇದ್ದ ದಿನವೂ ಉಣ್ಣೆ ಟೋಪಿ ಹಾಕಿಕೊಂಡು ಡ್ಯೂಟಿಗೆ ಹೋದವನು. ಬೂಟು ತೊಡಿಸುವುದು, ಸ್ಕೀಯ ಅಂಚು ಮಸೆಯುವುದು, ಬಿದ್ದವರನ್ನು ಎತ್ತುವುದು, ಅಳುವ ಮಕ್ಕಳನ್ನು ನಗಿಸುವುದು, ಎಲ್ಲವೂ ನನ್ನ ಕೈಯಲ್ಲೇ ಆಗಿದೆ. ಜನವೆಲ್ಲ ಹೋದ ಮೇಲೆ ಆ ಇಳಿಜಾರನ್ನು ಸಾವಿರ ಸಲ ಇಳಿದಿರಬಹುದು.

ನಡೆದು ಹತ್ತುವುದು ಹೇಗೆ ಎಂದು ನಿನಗೆ ಆಶ್ಚರ್ಯವಿರಬಹುದು. ಸ್ಕೀಯ ಅಡಿಗೆ ಒಂದು ಉದ್ದನೆಯ ಪಟ್ಟಿ ಅಂಟಿಸುತ್ತಾರೆ, ಸ್ಕಿನ್ ಎನ್ನುತ್ತಾರೆ. ಒಂದು ತುಂಡು ಇದರ ಜೊತೆ ಕಳಿಸಿದ್ದೇನೆ. ಅಂಗೈಯಿಂದ ಸವರಿ ನೋಡು. ಬಟ್ಟೆ ವ್ಯಾಪಾರಿಗೆ ಹೇಳಿಕೊಡಬೇಕೆ, ಮಖಮಲ್ಲಿನ ಹಾಗೆ ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಒರಟು. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಇಷ್ಟೇ ಗುಟ್ಟು.

ಹುಡುಗಿಯರು ಗೈಡ್ ಬೇಕಾ ಎಂದು ಕೇಳಿದರು. ನಾನಿರುವಾಗ ಗೈಡ್ ಯಾಕೆ ಎಂದೆ. ಸಫಿಯ್ಯಬಾಯಿಗೆ ನನ್ನ ನಮಸ್ಕಾರ ತಿಳಿಸು, ನಿನ್ನ ಜೊತೆ ಮಾತಾಡಲು ಹೇಳು. ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿಯ ಡಬ್ಬಿ ಕಳಿಸುತ್ತೇನೆ, ನಿನಗೆ ಇಷ್ಟದ ನೇವ್ರಿ ಜಾಸ್ತಿ ಹಾಕಿಸುತ್ತೇನೆ.

ನಿನ್ನ
ಲಿಡ್ವಿನ್


ಅಬುಧಾಬಿ
7 ಜನವರಿ 2025, ಮಂಗಳವಾರ

ಲಿಡ್ವಿನ್,

ಕುಸ್ವಾರ್ ಡಬ್ಬಿ ಖಾಲಿಯಾಯಿತು. ನೇವ್ರಿ ಪೂರ್ತಿ ನಾನೊಬ್ಬನೇ ತಿಂದೆ, ಡಾಕ್ಟರಿಗೆ ಹೇಳಬೇಡ. ಮಖಮಲ್ಲಿನಂಥ ಆ ತುಂಡು ಗಲ್ಲಾದ ಪಕ್ಕದಲ್ಲೇ ಇದೆ. ಗಿರಾಕಿ ಇಲ್ಲದಾಗ ಸವರುತ್ತಾ ಕೂತಿರುತ್ತೇನೆ. ಸರಕು ಒಳ್ಳೆಯದು, ಒಪ್ಪಿದೆ. ನಿನ್ನ ಕಾಗದವನ್ನು ಅಳತೆ ಪುಸ್ತಕದ ನಡುವೆ ಇಟ್ಟಿದ್ದೇನೆ, ಅದನ್ನು ನನ್ನನ್ನು ಬಿಟ್ಟರೆ ಯಾರೂ ತೆರೆಯುವುದಿಲ್ಲ.

ಈಗ ನನ್ನ ಹೆದರಿಕೆ ಹೇಳುತ್ತೇನೆ, ನಗಬೇಡ. ನನಗೆ ಹೆದರಿಕೆ ಚಳಿಯದ್ದು. ಸಲ್ವಾ ಹುಟ್ಟಿದ್ದು ಇಲ್ಲಿ. ಅವಳಿಗೆ ಗೊತ್ತಿರುವ ಚಳಿ ಎಂದರೆ ಏಸಿಯದ್ದು, ಜಾಸ್ತಿಯಾದರೆ ರಿಮೋಟ್ ಒತ್ತಿದರಾಯಿತು. ಅಲ್ಲಿ ಮೈನಸ್ ಹನ್ನೆರಡು, ಹದಿನೈದು ಎನ್ನುತ್ತಾರೆ. ನಮ್ಮ ಬಿಲ್ಡಿಂಗಿನ ಕೆಳಗಿನ ಮೆಡಿಕಲ್ ಶಾಪಿನ ಸ್ಟೀಫನ್ ಒಂದು ಚಿತ್ರ ತೋರಿಸಿದ, ಚಳಿಗೆ ಕಪ್ಪಾದ ಕಾಲ್ಬೆರಳು. ಅದನ್ನು ನೋಡಿದ ಮೇಲೆ ಊಟ ಸೇರುತ್ತಿಲ್ಲ.

ಅದಕ್ಕೆ ನಾನೇ ಕೂತು ಯೋಚನೆ ಮಾಡಿದೆ. ಸಲ್ವಾ ಕೊಟ್ಟ ನಕ್ಷೆ ಹರಡಿಕೊಂಡು ನೋಡಿದೆ. ಕಣಿವೆಗೆ ಎರಡು ಬದಿ. ಒಂದಕ್ಕೆ ಇಡೀ ದಿನ ನೆರಳು, ಅಲ್ಲಿ ಮರಗಳೂ ಇವೆ. ಇನ್ನೊಂದು ದಕ್ಷಿಣಕ್ಕೆ ಮುಖ ಮಾಡಿದೆ, ಬೋಳು, ಒಳ್ಳೆಯ ಬಿಸಿಲು. ನೀವು ಬಿಸಿಲ ಬದಿಯಲ್ಲಿ ಹತ್ತಿ. ಬೆಳಗಿನ ಚಳಿಯಲ್ಲಿ ಹೊರಡಲೇಬೇಡಿ. ಹತ್ತು ಗಂಟೆಯಾಗಲಿ, ಬಿಸಿಲೇರಲಿ, ಆಮೇಲೆ ನಿಧಾನಕ್ಕೆ ಹೊರಡಿ. ಇಲ್ಲಿ ನಾವು ಗುಡ್ಡಕ್ಕೆ ಹೋದರೆ ಬಿಸಿಲು ತಪ್ಪಿಸಲು ಬೆಳಗಾಗುವ ಮುಂಚೆ ಹೊರಡುತ್ತೇವೆ. ಅಲ್ಲಿ ಅದರ ಉಲ್ಟಾ ಇರಬೇಕಲ್ಲ? ಹಿಮದಲ್ಲಿ ಬಿಸಿಲು ಒಂದೇ ನಮ್ಮ ಕಡೆಗಿರುವುದು. ಟೈಲರಿನ ನೀಲಿ ಚಾಕ್‌ನಲ್ಲಿ ದಾರಿ ಎಳೆದಿದ್ದೇನೆ, ನಕ್ಷೆ ಲಿಯೋನ ಕೈಯಲ್ಲಿದೆ. ಸರಿಯಿದೆಯೋ ಇಲ್ಲವೋ ನೋಡು.

ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟಿಲ್ಲ. ಎಷ್ಟು ಗುಡ್ಡ?

ಖಮರ್


ಸತ್ವಾ
11 ಜನವರಿ 2025, ಶನಿವಾರ

ಖಮರ್,

ನೀನು ಯೂನಿಫಾರ್ಮ್ ಅಂಗಡಿಯಲ್ಲಿ ಯಾಕೆ ಕೂತಿದ್ದೀಯೋ ನನಗೆ ಗೊತ್ತಿಲ್ಲ. ನೀನು ಹೇಳಿದ್ದು ಸರಿ. ಬಿಸಿಲ ಬದಿಯೇ ಆಗಲಿ. ಹುಡುಗಿಯರು ನಡುಗುತ್ತಾ ಹೋದರೆ ಮಜಾ ಏನು ಬಂತು? ನಿನ್ನ ನೀಲಿ ಗೆರೆಯ ಮೇಲೆಯೇ ನಾನು ಸಮಯ ಬರೆದಿದ್ದೇನೆ. ಹತ್ತಕ್ಕೆ ಹಳ್ಳಿಯಿಂದ ಹೊರಡುವುದು. ಹನ್ನೊಂದಕ್ಕೆ ಕಲ್ಲಿನ ಕೊಟ್ಟಿಗೆ. ಹನ್ನೆರಡೂಕಾಲಕ್ಕೆ ಬೋಳು ಇಳಿಜಾರಿನ ನಡುವೆ, ಬಿಸಿಲಲ್ಲಿ ಕೂತು ಚಹಾ. ಒಂದೂವರೆಗೆ ಮೇಲಿನ ದಿಣ್ಣೆ. ಎರಡಕ್ಕೆ ಜಾರಲು ಶುರು. ನಕ್ಷೆ ವಾಪಸು ಕಳಿಸುತ್ತಿದ್ದೇನೆ, ಸಲ್ವಾಗೆ ಕೊಡು. ಚಹಾ ಫ್ಲಾಸ್ಕಿನದು, ಸುಲೈಮಾನಿ, ಲಿಂಬೆ ಹಿಂಡಿ. ಅದನ್ನು ಹೊರುವ ಜವಾಬ್ದಾರಿ ನನ್ನದು.

ನಿನ್ನೆ ಡ್ಯೂಟಿ ಶುರುವಾಗುವ ಮುಂಚೆ ಮೂವರನ್ನೂ ಕರೆಸಿ ಅಭ್ಯಾಸ ಮಾಡಿಸಿದೆ. ಹಿಮ ಕುಸಿದು ಯಾರಾದರೂ ಅಡಿಯಲ್ಲಿ ಸಿಕ್ಕಿಬಿದ್ದರೆ ಹುಡುಕಲು ಬೀಕನ್ ಎಂಬ ಯಂತ್ರವಿದೆ. ಎಲ್ಲರ ಎದೆಗೂ ಒಂದೊಂದು ಕಟ್ಟಿರುತ್ತದೆ, ಅದು ಸದ್ದು ಮಾಡಿ ದಾರಿ ತೋರಿಸುತ್ತದೆ. ನನ್ನ ಜಾಕೆಟ್ಟಿನೊಳಗೆ ಒಂದನ್ನಿಟ್ಟು ಹೂತೆ. ಸಲ್ವಾ ಎರಡೇ ನಿಮಿಷದಲ್ಲಿ ಹುಡುಕಿದಳು! ಆಮೇಲೆ ಉದ್ದನೆಯ ಸಲಾಕೆ ಚುಚ್ಚಿ ನೋಡಬೇಕು. ನಮ್ಮ ಹಾಲ್‌ನಲ್ಲಿ ಚುಚ್ಚಿದರೆ ಮೊಣಕಾಲಿನಷ್ಟು ಆಳಕ್ಕೆ ಟಕ್ ಎಂದು ನೆಲ ತಾಗುತ್ತದೆ. "ಅಂಕಲ್, ಅಲ್ಲಿ ಇದಕ್ಕಿಂತ ಡೀಪ್ ಇದ್ರೆ?" ಎಂದು ಕೇಳಿದಳು. "ಡೀಪ್ ಇದ್ರೆ ಸಲಾಕೆ ಉದ್ದ ಉಂಟಲ್ಲಾ," ಎಂದೆ. ಅವಳು ನಗಲಿಲ್ಲ. ಹುಡುಗಿ ನಿನ್ನ ಹಾಗೆ, ಎಲ್ಲದಕ್ಕೂ ಪ್ರಶ್ನೆ.

ಗುಡ್ಡದ ಲೆಕ್ಕ ಕೇಳುತ್ತೀಯಲ್ಲ, ಹಿಮ ಎಂದರೆ ಹಿಮ ಮಾರಾಯ. ಇಲ್ಲಿನದೂ ಬಿಳಿ, ಅಲ್ಲಿನದೂ ಬಿಳಿ.

ಲಿಡ್ವಿನ್


ಅಬುಧಾಬಿ
25 ಜನವರಿ 2025, ಶನಿವಾರ

ಲಿಡ್ವಿನ್,

ಜಾಕೆಟ್ ಬಂದವು, ಕೈಗವಸು ಬಂದವು. ಕೈಗವಸಿನ ಒಳಗೆ ಹಾಕಲು ನಾನೇ ತೆಳುವಾದ ಉಣ್ಣೆಯ ಇನ್ನೊಂದು ಜೋಡಿ ಹೊಲಿಸಿದ್ದೇನೆ, ಮೂವರಿಗೂ. ನಿನ್ನ ಅಳತೆ ಕಳಿಸು, ನಿನಗೂ ಒಂದು. ನಿಜ ಹೇಳಲೇ, ಈ ಒಂದೂವರೆ ತಿಂಗಳಲ್ಲಿ ಶನಿವಾರ ಯಾವಾಗ ಬರುತ್ತದೋ ಎಂದು ಕಾಯುವ ಹಾಗಾಗಿದೆ. ಕೆಲಸ, ಮಸೀದಿ, ಮನೆ ಇಷ್ಟರಲ್ಲೇ ಮುಗಿಯುವ ನನಗೆ ಈ ವಯಸ್ಸಿನಲ್ಲಿ ನಕ್ಷೆ ನೋಡುವ ಹುಚ್ಚು ಹಿಡಿಸಿಬಿಟ್ಟೆ. ಸಫಿಯ್ಯ, "ನೀವೇ ಹತ್ತುವವರ ಹಾಗೆ ಮಾಡ್ತೀರಿ," ಎಂದು ಗೇಲಿ ಮಾಡುತ್ತಾಳೆ. ಮಾತು ಶುರುವಾಗಿದೆ, ಅಷ್ಟೇ ಸಮಾಧಾನ.

ಸಲ್ವಾ ಮಾತ್ರ ವಾರದಿಂದ ಸುಮ್ಮನಿದ್ದಾಳೆ. ಊಟಕ್ಕೆ ಕೂತಾಗ ನನ್ನ ಮುಖ ನೋಡುತ್ತಾಳೆ, ಏನೋ ಹೇಳಹೊರಟು ನೀರು ಕುಡಿಯುತ್ತಾಳೆ. ಹೆದರಿರಬೇಕು. ಬೇಡ ಅಬ್ಬಾ, ಹೋಗುವುದಿಲ್ಲ ಎಂದು ಅವಳೇ ಹೇಳಿದರೆ ನನಗೆಷ್ಟು ಹಗುರ! ನಾನಾಗಿ ಕೇಳುವುದಿಲ್ಲ. ಕೇಳಿದರೆ ಹಟಕ್ಕೆ ಹೋಗಿಯೇ ತೀರುತ್ತಾಳೆ.

ಹಿಮ ಎಂದರೆ ಹಿಮ ಎಂದು ಬರೆದಿದ್ದೀಯ. ಅದು ಉತ್ತರವಲ್ಲ. ಮೂರನೆಯ ಸಲ ಕೇಳುತ್ತಿದ್ದೇನೆ. ಹೋಗಲಿ ಬಿಡು, ನಿನಗೆ ಬೇಸರವಾದರೆ ಹೇಳಬೇಡ.

ಖಮರ್


ಸತ್ವಾ
4 ಫೆಬ್ರವರಿ 2025, ಮಂಗಳವಾರ

ಖಮರುದ್ದೀನ್ ಸಾಹೇಬರಿಗೆ,

ನಿನ್ನೆ ನನಗೊಂದು ಇಮೇಲ್ ಬಂತು, ಜಾರ್ಜಿಯಾದ ಆ ಹಳ್ಳಿಯಿಂದ. ಬರೆದವಳು ಏಕಾ ಎಂಬ ಗೈಡ್. ನಮ್ಮ ನಕ್ಷೆ, ನೀಲಿ ಗೆರೆ, ನಾನು ಬರೆದ ಸಮಯ, ಎಲ್ಲದರ ಫೋಟೋ ಅವಳ ಹತ್ತಿರ ಇದೆ. "ನಿಮ್ಮ ಗುಂಪಿನ ಕಡೆಯಿಂದ ಪರೀಕ್ಷಿಸಲು ಕಳಿಸಿದ್ದಾರೆ" ಎಂದು ಬರೆದಿದ್ದಾಳೆ. ಯಾರು ಕಳಿಸಿದರೆಂದು ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ.

ಅವಳ ಮಾತು ಕೇಳು. ಹೊಸ ಹಿಮ ಬಿದ್ದ ಮೇಲೆ ದಕ್ಷಿಣದ ಬೋಳು ಇಳಿಜಾರಿಗೆ ಮಧ್ಯಾಹ್ನ ಹೋಗಬಾರದಂತೆ. ಬಿಸಿಲಿಗೆ ಹಿಮ ಸಡಿಲವಾಗಿ ಇಡೀ ಬದಿ ಜಾರಿ ಬರಬಹುದಂತೆ. ಹೊಸಬರನ್ನು ಅದರ ನಡುವೆ ಕೂರಿಸಿ ಚಹಾ ಕುಡಿಸುವ ಯೋಜನೆ ಯಾರದು ಎಂದು ಕೇಳಿದ್ದಾಳೆ. "ಹೂ ಮೇಡ್ ದಿಸ್ ಪ್ಲಾನ್?" ಪ್ರಶ್ನಾರ್ಥಕ ಚಿಹ್ನೆ ಒಂದಲ್ಲ, ಮೂರು.

ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಮುಖಕ್ಕೆ ಹೇಳಬಹುದಿತ್ತು. ಒಂದು ಕೈಯಲ್ಲಿ ನನಗೆ ಕೈಗವಸು ಹೊಲಿಸಿ ಇನ್ನೊಂದು ಕೈಯಲ್ಲಿ ನನ್ನನ್ನು ಯಾರೋ ಹೆಂಗಸಿನ ಮುಂದೆ ಹುಡುಗಾಟದವನ ಹಾಗೆ ನಿಲ್ಲಿಸಬೇಕಿತ್ತಾ? ಬಿಸಿಲ ಬದಿ ಬೇಕೆಂದವನು ನೀನು. ನೆನಪಿರಲಿ.

ನಾನು ಬರುವುದಿಲ್ಲ. ಖಲಾಸ್.

ಲಿಡ್ವಿನ್ ಪಿಂಟೊ


ಸತ್ವಾ
11 ಫೆಬ್ರವರಿ 2025, ಮಂಗಳವಾರ

ಖಮರ್,

ಶನಿವಾರ ಲಿಯೋ ಬಂದ, ನಿನ್ನ ಕಾಗದ ಬರಲಿಲ್ಲ. "ಸಾಹೇಬರು ಎಂತ ಕೊಡಲಿಲ್ಲ ಮಾರಾಯ್ರೆ, ಮಾತೇ ಇಲ್ಲ," ಎಂದ. ಖಾಲಿ ಕೈ ನೋಡಿ ನನ್ನ ಸಿಟ್ಟು ಇಳಿಯಿತು. ಇಳಿದ ಮೇಲೆ ಉಳಿದದ್ದು ನಾಚಿಕೆ.

ನೀನು ಮೂರು ಸಲ ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಸೊನ್ನೆ. ಒಂದೇ ಒಂದು ಗುಡ್ಡವನ್ನೂ ಹತ್ತಿಲ್ಲ. ಗುಡ್ಡ ಹಾಗಿರಲಿ, ಆಕಾಶದಿಂದ ಬಿದ್ದ ಹಿಮವನ್ನು ನಾನು ಈವರೆಗೆ ಕಣ್ಣಿನಿಂದ ನೋಡಿಲ್ಲ. ನಮ್ಮ ಹಾಲ್‌ನವರು ಕೋಚ್‌ಗಳನ್ನು ವರ್ಷಕ್ಕೊಮ್ಮೆ ಹೊರಗೆ ತರಬೇತಿಗೆ ಕಳಿಸುತ್ತಾರೆ. ನನ್ನ ಕಾರ್ಡಿನಲ್ಲಿ ಇರುವುದು ಬೂಟು ಕೋಣೆ. ನಾನು ಕಲಿತದ್ದೆಲ್ಲ ಅವರು ಬಂದು ಹೇಳಿದ ಕಥೆ ಕೇಳಿ. ಕೇಳಿ ಕೇಳಿ, ಅದನ್ನೇ ಹೇಳಿ ಹೇಳಿ, ಕಡೆಗೆ ನಾನೇ ಹೋಗಿ ಬಂದೆ ಎನ್ನುವ ಹಾಗಾಯಿತು. ಊರಿಗೆ ಹೋದಾಗ ಜನ ನನ್ನನ್ನು "ಹಿಮದ ಲಿಡ್ವಿನ್" ಎಂದು ಕರೆಯುತ್ತಾರೆ. ಎಷ್ಟು ಖುಷಿ ನನಗೆ! ಅದನ್ನು ನಿನ್ನ ಒಂದು ಪ್ರಶ್ನೆಗೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ನೀನು ಬಿಸಿಲ ಬದಿ ಎಂದಾಗ ಅದು ಸರಿಯೋ ತಪ್ಪೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ನಮ್ಮ ಹಾಲ್‌ನಲ್ಲಿ ಬಿಸಿಲಿಲ್ಲ ಖಮರ್. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಅಲ್ಲಿ ಬಿಸಿಲು ಬಿದ್ದಿಲ್ಲ. ಬಿಸಿಲು ಹಿಮಕ್ಕೆ ಏನು ಮಾಡುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು?

ಇವತ್ತು ಬೆಳಿಗ್ಗೆ ಹಾಲ್ ತೆರೆಯುವ ಮುಂಚೆ ಸಲಾಕೆ ತೆಗೆದುಕೊಂಡು ಹೋದೆ. ಹನ್ನೆರಡು ಜಾಗದಲ್ಲಿ ಚುಚ್ಚಿದೆ. ಹನ್ನೆರಡರಲ್ಲೂ ಟಕ್. ನನ್ನ ಹಿಮಕ್ಕೆ ಮೊಣಕಾಲಿನಾಚೆ ಆಳವಿಲ್ಲ. ಇಷ್ಟು ತಿಳಿದವನನ್ನು ನಂಬಿ ನೀನು ಮಗಳನ್ನು ಕಳಿಸುತ್ತಿದ್ದೆ.

ಅವಳನ್ನು ಕಳಿಸಬೇಡ. ನನಗೆ ಏನು ಬೇಕಾದರೂ ಅನ್ನು. ಆದರೆ ಏನಾದರೂ ಬರೆ.

ಲಿಡ್ವಿನ್


ಅಬುಧಾಬಿ
15 ಫೆಬ್ರವರಿ 2025, ಶನಿವಾರ

ಲಿಡ್ವಿನ್,

ನಿನ್ನ ಕಾಗದ ಓದಿ ಅಂಗಡಿಯ ಬಾಗಿಲೆಳೆದು ಒಳಗೆ ಕೂತೆ. ಬೈಯಲು ಎಷ್ಟೋ ಮಾತು ಬಂದವು. ಹುಚ್ಚ, ಬಡಾಯಿಕೋರ ಎಂದು ಗೋಡೆಗೆ ಹೇಳಿದೆ. ಇನ್ನೂ ಸಿಟ್ಟಿದೆ. ಆದರೆ ನನಗೂ ಹೇಳುವುದಿದೆ.

ನಕ್ಷೆಯನ್ನು ಆ ಗೈಡಿಗೆ ಕಳಿಸಿದ್ದು ನಾನಲ್ಲ. ನೀನು ನನ್ನ ಮೇಲೆ ಹೊರಿಸಿದಾಗ ಅಲ್ಲವೆಂದು ಬರೆಯಬೇಕಿತ್ತು. ಬರೆಯಲು ಕೂತಾಗ ಅನ್ನಿಸಿತು, ಅದು ನಾನು ಮಾಡಬೇಕಾಗಿದ್ದ ಕೆಲಸ. ಯಾರೋ ಮಾಡಿದರು, ತಂದೆಯಾದ ನಾನು ಮಾಡಲಿಲ್ಲ. ನೀನು ಉತ್ತರ ಕೊಡದೆ ತಪ್ಪಿಸಿಕೊಂಡಾಗಲೇ ನನಗೆ ಉತ್ತರ ಗೊತ್ತಾಗಿತ್ತು ಲಿಡ್ವಿನ್. ನಲವತ್ತು ವರ್ಷದಿಂದ ನಿನ್ನನ್ನು ನೋಡಿದ್ದೇನೆ. ಮೂರನೆಯ ಸಲ "ಬೇಸರವಾದರೆ ಹೇಳಬೇಡ" ಎಂದು ಯಾಕೆ ಬರೆದೆ? ನೀನು ಸೊನ್ನೆ ಎಂದುಬಿಟ್ಟರೆ, ಬೇಡ ಎಂದು ಮಗಳಿಗೆ ಹೇಳುವ ಕೆಲಸ ನನ್ನ ತಲೆಗೆ ಬರುತ್ತಿತ್ತು. ಅವಳ ಮುಖ ಸಣ್ಣದಾಗುವುದನ್ನು ನೋಡಲಾರದೆ, ಎಲ್ಲವನ್ನೂ ನಿನ್ನ ಹೆಗಲಿಗೆ ಹಾಕಿ ಕೈಗವಸು ಹೊಲಿಸುತ್ತಾ ಕೂತೆ.

ಆದರೂ ಮೊನ್ನೆ ಅವಳಿಗೆ ಹೇಳಿದೆ, ಹೋಗಬೇಡ ಎಂದು. ಕೂಗಾಡುತ್ತಾಳೆಂದುಕೊಂಡಿದ್ದೆ. ಕೂಗಾಡಲಿಲ್ಲ. "ಅಬ್ಬಾ, ಐ ಆಮ್ ಟ್ವೆಂಟಿ ಫೋರ್. ನಾವು ಗೈಡ್ ಬುಕ್ ಮಾಡಿದ್ದೇವೆ. ರೂಟ್ ಚೇಂಜ್ ಮಾಡಿದ್ದೇವೆ. ಲಿಡ್ವಿನ್ ಅಂಕಲ್ ಬರ್ಲೇಬೇಕು," ಎಂದಳು. ಯಾಕೆ ಬರಬೇಕು ಎಂದರೆ, "ಹಿ ಹ್ಯಾಸ್ ಟು ಸೀ ಇಟ್," ಎಂದು ಎದ್ದು ಹೋದಳು. ನಿನ್ನ ಗುಟ್ಟು ನಾನು ಹೇಳಿಲ್ಲ. ಆ ಮಾತಿನ ಅರ್ಥ ನನಗಾಗಲಿಲ್ಲ.

ಆದ್ದರಿಂದ ಹೋಗು. ಮುಂದಾಳಾಗಿ ಅಲ್ಲ. ಆ ಏಕಾ ನಿಲ್ಲು ಎಂದರೆ ನಿಲ್ಲು, ತಿರುಗು ಎಂದರೆ ತಿರುಗು. ಸಾಲಿನ ಕೊನೆಯಲ್ಲಿ ನಡೆ. ನನ್ನ ಮಗಳ ಹಿಂದೆ ನಮ್ಮವನೊಬ್ಬ ಇರಲಿ. ಅಲ್ಲಿಂದ ಬರೆ. ಈ ಸಲ ಕಂಡದ್ದು ಮಾತ್ರ ಬರೆ.

ಕೈಗವಸು ಇದರ ಜೊತೆಗಿದೆ.

ಖಮರ್


ಜಾರ್ಜಿಯಾ, ಹಳ್ಳಿಯ ಗೆಸ್ಟ್‌ಹೌಸಿನಿಂದ
22 ಫೆಬ್ರವರಿ 2025, ಶನಿವಾರ ಸಂಜೆ

ಖಮರ್,

ಮೊದಲು ಇದನ್ನು ಓದು: ಸಲ್ವಾ ಚೆನ್ನಾಗಿದ್ದಾಳೆ. ಮೂವರೂ ಕೆಳಗೆ ಒಲೆಯ ಹತ್ತಿರ ಕೂತು ರೊಟ್ಟಿ ತಿನ್ನುತ್ತಿದ್ದಾರೆ, ಆಶ್ಲೆಯ ನಗು ಇಲ್ಲಿಗೆ ಕೇಳಿಸುತ್ತಿದೆ. ಕಾಲ್ಬೆರಳು ಎಲ್ಲರದ್ದೂ ಹತ್ತಕ್ಕೆ ಹತ್ತು ಇವೆ, ಎಣಿಸಿದ್ದೇನೆ.

ಮೂರು ದಿನ ಇಲ್ಲಿ ಬಿಡದೆ ಹಿಮ ಬಿದ್ದಿತ್ತು. ಇವತ್ತು ಮೋಡ ಸರಿದಿತ್ತು. ಬೆಳಿಗ್ಗೆ ಆರೂವರೆಗೆ ಹೊರಟೆವು, ನೆರಳಿನ ಬದಿಯಲ್ಲಿ, ಮರಗಳ ನಡುವೆ. ಏರು ಕಡಿಮೆ, ಆದರೆ ಚಳಿ ಎಂದರೆ ಚಳಿ. ನನ್ನ ಮೈನಸ್ ಎರಡು ಇದರ ಮುಂದೆ ಏನೂ ಅಲ್ಲ. ಮೂಗಿನೊಳಗಿನ ಕೂದಲು ಗಟ್ಟಿಯಾಗುತ್ತದೆ ಮಾರಾಯ. ನಿನ್ನ ಉಣ್ಣೆ ಜೋಡಿ ಇಲ್ಲದಿದ್ದರೆ ನನ್ನ ಕೈ ನನ್ನದಾಗಿ ಉಳಿಯುತ್ತಿರಲಿಲ್ಲ.

ಏಕಾ ಮುಂದೆ, ಆಮೇಲೆ ಹುಮೈರ, ಆಶ್ಲೆ, ಸಲ್ವಾ, ಕೊನೆಗೆ ನಾನು. ಅರ್ಧ ಗಂಟೆಯಲ್ಲಿ ನನ್ನ ಉಸಿರು ಹೋಯಿತು. ನನ್ನ ಇಳಿಜಾರಿಗೆ ಹತ್ತುವ ಬೆಲ್ಟ್ ಇದೆಯಲ್ಲ, ನಡೆದು ಅಭ್ಯಾಸವೆಲ್ಲಿ? ಸಲ್ವಾ ಹೆಜ್ಜೆ ನಿಧಾನ ಮಾಡಿದಳು. ತಿರುಗಿ ನೋಡಲಿಲ್ಲ, ನನಗೆ ಮುಜುಗರವಾಗದ ಹಾಗೆ ಸುಮ್ಮನೆ ನಿಧಾನ ಮಾಡಿದಳು. ಒಂದು ಕಡೆ ಪಟ್ಟಿ ಸರಿಮಾಡಲು ಸ್ಕೀ ಕಳಚಿ ಕಾಲಿಟ್ಟೆ. ಸೊಂಟದವರೆಗೆ ಇಳಿದುಹೋದೆ. ಕೂಗಿದೆ ಕೂಡ, ಇಗರ್ಜಿಯಲ್ಲಿ ಹೇಳಬಾರದ ಮಾತು. ಎಲ್ಲರೂ ಸೇರಿ ಎಳೆದರು.

ಆಗ ಸಲ್ವಾ ತನ್ನ ಚೀಲದಿಂದ ಸಲಾಕೆ ತೆಗೆದು, ಬಿಚ್ಚಿ ಉದ್ದ ಮಾಡಿ, ನನ್ನ ಕೈಗೆ ಕೊಟ್ಟಳು. "ಅಂಕಲ್, ನೀವೇ ಹಾಕಿ ನೋಡಿ," ಎಂದಳು. ಯಾಕೆ ಕೊಟ್ಟಳೋ ಗೊತ್ತಿಲ್ಲ. ಹಾಕಿದೆ. ಒಂದು ಮೀಟರ್ ಹೋಯಿತು, ಎರಡು ಹೋಯಿತು, ನನ್ನ ಮುಷ್ಟಿ ಹಿಮಕ್ಕೆ ತಾಗುವವರೆಗೆ ಹೋಯಿತು. ಟಕ್ ಅನ್ನಲಿಲ್ಲ. ನಾನು ಅಲ್ಲೇ ಮೊಣಕಾಲೂರಿ ಸ್ವಲ್ಪ ಹೊತ್ತು ಕೂತಿದ್ದೆ. ಅತ್ತೆ ಕೂಡ. ಐವತ್ತೊಂದು ವರ್ಷದವನು ಮೂರು ಹುಡುಗಿಯರ ಮುಂದೆ ಅತ್ತೆ.

ಹನ್ನೊಂದಕ್ಕೆ ಏಕಾ ಸಾಕು ಎಂದಳು. ಮೇಲಿನ ದಿಣ್ಣೆ ಇನ್ನೂ ದೂರವಿತ್ತು. ಹುಮೈರಗೆ ಬೇಸರವಾಯಿತು. ಆದರೆ ಮರಗಳ ನಡುವೆ ಮೆಲ್ಲಗೆ ಇಳಿದು ಬಂದೆವು. ಸಲ್ವಾ ಎಷ್ಟು ಚೆಂದ ತಿರುಗುತ್ತಾಳೆ ಗೊತ್ತಾ? ಅಷ್ಟು ಮಾತ್ರ ನಾನು ಕಲಿಸಿದ್ದು, ಅದಕ್ಕೆ ಹೆಮ್ಮೆ ಪಡುತ್ತೇನೆ.

ಕಣಿವೆಯ ತಳದಲ್ಲಿ ನಿಂತು ಫ್ಲಾಸ್ಕ್ ತೆಗೆದೆ. ಎದುರು ಬದಿ ಪೂರ್ತಿ ಬಿಸಿಲು, ನೋಡಲು ಅಷ್ಟು ಚೆಂದ, ಹೊದಿಕೆ ಹಾಸಿ ಮಲಗಬೇಕು ಅನಿಸುವ ಹಾಗೆ. ಆಗ ಒಂದು ಸದ್ದು ಬಂತು. ದೊಡ್ಡದಲ್ಲ. ಮೇಲೆಲ್ಲೋ ಯಾರೋ ಕಬ್ಬಿಣದ ಬಾಗಿಲು ಹಾಕಿದ ಹಾಗೆ. ಬೋಳು ಇಳಿಜಾರಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಬಿತ್ತು. ಗೆರೆಯ ಕೆಳಗಿನದೆಲ್ಲ ಹೊರಟಿತು. ಅವಸರವಿಲ್ಲದ ಹಾಗೆ ಹೊರಟು, ಆಮೇಲೆ ಬಹಳ ಅವಸರದಲ್ಲಿ ಬಂತು. ಕಲ್ಲಿನ ಕೊಟ್ಟಿಗೆಯ ಮೇಲ್ಭಾಗದಲ್ಲಿ ರಾಶಿಯಾಗಿ ನಿಂತಿತು. ನಮ್ಮ ತನಕ ಬಂದದ್ದು ಬರೀ ಪುಡಿ ಮತ್ತು ಗಾಳಿ.

ಏಕಾ ಗಡಿಯಾರ ನೋಡಿಕೊಂಡಳು. ನಾನೂ ನೋಡಿದೆ. ಹನ್ನೆರಡು ಗಂಟೆ ಇಪ್ಪತ್ತು ನಿಮಿಷ.

ಸಲ್ವಾ ನನ್ನ ತೋಳು ಹಿಡಿದುಕೊಂಡಿದ್ದಳು. "ಅದು ನಮ್ಮ ಟೀ ಪ್ಲೇಸ್ ಅಲ್ವಾ ಅಂಕಲ್?" ಎಂದಳು. ಹೌದು ಎಂದೆ. ಯೋಜನೆ ನನ್ನದೊಂದೇ, ತಪ್ಪೆಲ್ಲ ನನ್ನದು ಎಂದೆ. ಬಿಸಿಲ ಬದಿ ಕೇಳಿದವನು ನೀನೆಂದು ಹೇಳಲಿಲ್ಲ, ಯಾವತ್ತೂ ಹೇಳುವುದಿಲ್ಲ. ನೀನೂ ಹೇಳಬೇಡ. ಚಳಿಯಾಗದಿರಲಿ ಎಂದು ಬಯಸಿದ ಅಪ್ಪನಿಗೆ ಆ ಭಾರ ಬೇಡ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಓಕೆ ಅಂಕಲ್," ಎಂದಳು, ಅಷ್ಟೇ.

ಚಹಾ ಯಾರೂ ಕುಡಿಯಲಿಲ್ಲ. ಹಿಮಕ್ಕೆ ಸುರಿದೆ. ಕಂದು ಬಣ್ಣದ ಸಣ್ಣ ತೂತಾಯಿತು, ಅದಕ್ಕೂ ತಳ ಕಾಣಲಿಲ್ಲ.

ಈ ಕಾಗದವನ್ನು ಸಲ್ವಾಳ ಕೈಯಲ್ಲೇ ಕಳಿಸುತ್ತೇನೆ. ಓದಲು ಬಾರದವಳಲ್ಲವೇ, ಚಿಂತೆಯಿಲ್ಲ.

ನಿನ್ನ
ಲಿಡ್ವಿನ್


ಅಬುಧಾಬಿ
25 ಫೆಬ್ರವರಿ 2025, ಮಂಗಳವಾರ

ಪ್ರೀತಿಯ ಲಿಡ್ವಿನ್,

ಭಾನುವಾರ ಮನೆಗೆ ಬಂದಳು. ಸಫಿಯ್ಯ ಬಾಗಿಲಲ್ಲೇ ಅವಳ ಬೂಟು ಬಿಚ್ಚಿಸಿ ಕಾಲು ನೋಡಿದಳು. ಆಮೇಲೆ ಸಲ್ವಾ ನಿನ್ನ ಕಾಗದ ಕೊಟ್ಟಳು. ನಾನು ನಿಂತೇ ಓದಿದೆ.

ನೀನು ಹೇಳಬೇಡ ಎಂದು ಬರೆದಿದ್ದೀಯ. ಆದರೆ ನನ್ನಿಂದ ಆಗಲಿಲ್ಲ. ಅವಳನ್ನು ಕರೆದು, "ಆ ನೀಲಿ ಗೆರೆ ಎಳೆದವನು ನಾನು, ಬಿಸಿಲ ಬದಿ ಬೇಕೆಂದು ಲಿಡ್ವಿನ್‌ಗೆ ಹೇಳಿದವನು ನಾನು," ಎಂದೆ.

"ಐ ನೋ, ಅಬ್ಬಾ," ಎಂದಳು.

ಹೇಗೆ ಎಂದೆ. ಅವಳು ಫೋನು ತೆಗೆದು ನಿನ್ನ ಕಾಗದದ ಮೇಲೆ ಹಿಡಿದಳು. ಲಿಡ್ವಿನ್, ಕ್ಯಾಮೆರಾ ಹಿಡಿದರೆ ನಮ್ಮ ಕಾಗೆಕಾಲು ಗುಬ್ಬಿಕಾಲೂ ಇಂಗ್ಲಿಷ್ ಆಗುತ್ತದೆ! ಅಲ್ಲೊಂದು ಇಲ್ಲೊಂದು ತಪ್ಪುತ್ತದಂತೆ, ಉಳಿದದ್ದು ತಿಳಿಯುತ್ತದಂತೆ. ಜನವರಿಯಲ್ಲಿ ಯಾರದೋ ಅಳತೆ ಬೇಕಾಗಿ ಅಂಗಡಿಯಲ್ಲಿ ನಿನ್ನ ಕಾಗದವಿಟ್ಟ ಆ ಅಳತೆ ಪುಸ್ತಕ ತೆರೆದಿದ್ದಳಂತೆ. ಅಲ್ಲಿಂದ ಮುಂದೆ ನೀನು ಬರೆದ ಎಲ್ಲ ಕಾಗದವನ್ನೂ ಓದಿದ್ದಾಳೆ. ಹನ್ನೆರಡೂಕಾಲಕ್ಕೆ ಬಿಸಿಲಲ್ಲಿ ಚಹಾ ಎಂಬುದನ್ನು ಓದಿ ಅವಳಿಗೆ ಹೆದರಿಕೆಯಾಗಿದೆ. ನಕ್ಷೆಯ ಫೋಟೋ ತೆಗೆದು ಆ ಏಕಾಗೆ ಕಳಿಸಿದವಳು ಅವಳೇ. ನಿನ್ನ ಸೊನ್ನೆಯನ್ನೂ ಓದಿದ್ದಾಳೆ, ಹನ್ನೆರಡು ಟಕ್ ಕೂಡ. ಸಲಾಕೆಯನ್ನು ನಿನ್ನ ಕೈಗೆ ಕೊಟ್ಟದ್ದು ಅದಕ್ಕೇ.

"ನಮಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಯೂ ಬೋತ್ ವರ್ ಸೋ ಹ್ಯಾಪಿ ಪ್ಲಾನಿಂಗ್," ಎಂದಳು. ಆಮೇಲೆ ಫೋನು ಕೆಳಗಿಟ್ಟು, "ಮತ್ತೆ, ನೀವು ಕೇಳ್ಲಿಲ್ಲ ಅಬ್ಬಾ," ಎಂದಳು.

ನಿನ್ನನ್ನು ಮೂರು ಸಲ ಕೇಳಿದೆ. ಮೆಡಿಕಲ್ ಶಾಪಿನ ಸ್ಟೀಫನ್‌ನನ್ನು ಕೇಳಿದೆ. ಹತ್ತಬೇಕಾದವಳು ದಿನಾ ನನ್ನ ಎದುರು ಊಟಕ್ಕೆ ಕೂರುತ್ತಿದ್ದಳು, ಅವಳನ್ನು ಒಂದು ಸಲವೂ ಕೇಳಲಿಲ್ಲ. ಅವಳಿಗೇನೂ ಗೊತ್ತಿಲ್ಲವೆಂದು ನೀನು ಅಂದುಕೊಂಡೆ, ಅವಳಿಗೆ ಹೆದರಿಕೆಯೆಂದು ನಾನು ಅಂದುಕೊಂಡೆ. ನಮ್ಮಿಬ್ಬರನ್ನು ಅವಳೇ ಕೈಹಿಡಿದು ಇಳಿಸಿದಳು.

ಈ ಕಾಗದವನ್ನೂ ಓದುತ್ತಾಳೆ. ಓದಲಿ ಎಂದೇ ಮೇಜಿನ ಮೇಲೆ ಬಿಡುತ್ತೇನೆ, ಆಮೇಲೆ ಲಿಯೋಗೆ ಕೊಡುತ್ತೇನೆ.

ಇನ್ನೊಂದು ಮಾತು. ನಿನ್ನೆ ಅವಳನ್ನು ಕೇಳಿದೆ, ಮೊದಲ ಸಲ ಕೇಳಿದೆ, ಮುಂದಿನ ಚಳಿಗಾಲಕ್ಕೆ ನಾನೂ ಬರಬಹುದಾ ಎಂದು. ಏಕಾ ಹೇಳಿದ ಹಾಗೆ ಕೇಳುವುದಾದರೆ ಬರಬಹುದಂತೆ. ಸಫಿಯ್ಯ ಇನ್ನೂ ಮಾತಾಡಿಲ್ಲ. ನನ್ನ ಪಾದದ ಗುರುತು ಇದರ ಜೊತೆಗಿದೆ, ನೀಲಿ ಚಾಕ್‌ನಲ್ಲಿ ಎಳೆದದ್ದು, ಸೈಜು ನಲವತ್ತೆರಡು. ನಿನ್ನ ಬೂಟು ಕೋಣೆಯಲ್ಲಿ ಇದ್ದರೆ ತೆಗೆದಿಡು. ರಂಜಾನ್ ಮುಗಿದ ಮೇಲೆ ಬರುತ್ತೇನೆ. ಮೊದಲು ನನಗೆ ಆ ಟಕ್ ಅನ್ನುವ ಹಿಮದಲ್ಲೇ ಕಲಿಸು.

ನಿನ್ನ
ಖಮರ್